ಆಯ್ದಕ್ಕಿಯ ಅಳತೆ: ಲಕ್ಕಮ್ಮನ ಬಾಳು, ಬಿಜ್ಜಳನ ಕಾಲ

೧

ಚರಿತ್ರೆಯೆಂದರೆ ಅರಸರ ಏಳುಬೀಳುಗಳ ಕಥೆಯೆಂಬ ಭಾವನೆ ನಮ್ಮಲ್ಲಿ ಬಹುಕಾಲದಿಂದ ಬೇರೂರಿದೆ. ಪಠ್ಯಪುಸ್ತಕಗಳು ಅದನ್ನು ಬಲಪಡಿಸಿವೆ; ಶಾಸನಗಳ ಸ್ವರೂಪವೂ ಅದಕ್ಕೆ ಅನುಕೂಲವಾಗಿಯೇ ಇದೆ. ಆಳುವವನ ಬಿರುದಾವಳಿ, ಅವನ ಸಾಮಂತನ ವಂಶಾವಳಿ, ದೇಗುಲಕ್ಕೆ ಬಿಟ್ಟ ಮತ್ತರುಗಳ ಎಲ್ಲೆಕಟ್ಟು, ನಂದಾದೀಪಕ್ಕೆ ಕೊಟ್ಟ ಎಣ್ಣೆಯ ಮಾನ, ದತ್ತಿಯನ್ನು ಕೆಡಿಸಿದವನಿಗೆ ಶಾಪ, ಇವು ಕಲ್ಲಿನಲ್ಲಿ ನಿಲ್ಲುತ್ತವೆ. ಆ ಮತ್ತರುಗಳನ್ನು ಉತ್ತವನ ಹೆಸರು ಅಲ್ಲಿ ವಿರಳ; ಅವನ ಮಾತಂತೂ ಇಲ್ಲ. ದೇಗುಲದಲ್ಲಿ ದೀಪ ಬೆಳಗಿದ ಅದೇ ಸಂಜೆ ತನ್ನ ಗುಡಿಸಲಿನಲ್ಲಿ ಒಲೆ ಹೊತ್ತಿಸಿದವಳು ಏನನ್ನು ಯೋಚಿಸುತ್ತಿದ್ದಳೆಂಬುದನ್ನು ಬರೆಯಿಸುವ ಪದ್ಧತಿ ಯಾವ ಅರಸನಿಗೂ ಇರಲಿಲ್ಲ.

ಹನ್ನೆರಡನೆಯ ಶತಮಾನದ ವಚನವಾಙ್ಮಯವು ಈ ನಿಯಮಕ್ಕೆ ದೊಡ್ಡದೊಂದು ಅಪವಾದ. ಅಂಬಿಗ, ಮಡಿವಾಳ, ತುರುಗಾಹಿ, ಹಗ್ಗ ಹೊಸೆಯುವವನು, ರಾಟಿ ತಿರುಹುವವಳು, ಅಂಗಳ ಗುಡಿಸುವವಳು, ಇವರೆಲ್ಲರೂ ಅಲ್ಲಿ ತಮ್ಮ ತಮ್ಮ ಅಂಕಿತದಲ್ಲಿ ಮಾತನಾಡಿದ್ದಾರೆ. ಅನೇಕರು ಕಸುಬನ್ನೇ ಹೆಸರಿನ ಭಾಗವಾಗಿಸಿಕೊಂಡಿದ್ದಾರೆ. ಅರಸನೊಬ್ಬನ ಕಾಲವನ್ನು ಅರಸನಲ್ಲದವರ ಬಾಯಿಂದಲೇ ಕೇಳುವ ಅವಕಾಶ ಭಾರತೀಯ ಸಾಹಿತ್ಯದಲ್ಲಿ ಅಷ್ಟು ಹಿಂದೆ ದೊರೆಯುವುದು ಅಪರೂಪ. ಆದರೆ ಅವಕಾಶವಿದ್ದ ಮಾತ್ರಕ್ಕೆ ನಾವು ಸರಿಯಾಗಿ ಕೇಳಿಸಿಕೊಂಡಿದ್ದೇವೆಂದು ಹೇಳುವಂತಿಲ್ಲ. ಆಯ್ದಕ್ಕಿ ಲಕ್ಕಮ್ಮನೊಬ್ಬಳನ್ನು ಮುಂದಿಟ್ಟುಕೊಂಡು ಈ ಮಾತನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಪರಿಶೀಲನೆಗೆ ಕಾರಣವಾದದ್ದು ಒಂದು ಉತ್ತರಪತ್ರಿಕೆ. ನಾನು ಪ್ರೌಢಶಾಲೆಯಲ್ಲಿ ಕನ್ನಡ ಬೋಧಿಸುತ್ತಿದ್ದಾಗ ಒಮ್ಮೆ ಹತ್ತನೆಯ ತರಗತಿಗೆ, ಕಲ್ಯಾಣದ ಕ್ರಾಂತಿಯಲ್ಲಿ ಶರಣೆಯರ ಪಾತ್ರವನ್ನು ವಿವರಿಸಿರಿ ಎಂಬ ಪ್ರಶ್ನೆ ಕೊಟ್ಟಿದ್ದೆ. ಹೆಚ್ಚು ಮಾತನಾಡದ ಒಬ್ಬ ಹುಡುಗಿ ಲಕ್ಕಮ್ಮನ ಬಗೆಗೆ ಎರಡೇ ವಾಕ್ಯ ಬರೆದಿದ್ದಳು: ಲಕ್ಕಮ್ಮ ಕ್ರಾಂತಿಯಲ್ಲಿ ಏನೂ ಮಾಡಲಿಲ್ಲ, ಗಂಡ ಹೆಚ್ಚಾಗಿ ತಂದ ಅಕ್ಕಿಯನ್ನು ಹಿಂದಕ್ಕೆ ಕಳಿಸಿದಳು. ನಾನು ಕೆಂಪು ಶಾಯಿಯಲ್ಲಿ ‘ಅಪೂರ್ಣ’ವೆಂದು ಬರೆದು ಅರ್ಧ ಅಂಕ ಕೊಟ್ಟೆ. ನಿವೃತ್ತನಾದ ಮೇಲೆ ವಚನಸಂಪುಟಗಳನ್ನು ಅವಸರವಿಲ್ಲದೆ ಓದುವ ಯೋಗ ಒದಗಿದಾಗ, ಅಪೂರ್ಣವಾಗಿದ್ದುದು ಆ ಉತ್ತರವೋ ನನ್ನ ಪ್ರಶ್ನೆಯೋ ಎಂಬ ಸಂದೇಹ ಕಾಡತೊಡಗಿತು.

೨

ಮೊದಲು ಕಾಲದ ಚೌಕಟ್ಟನ್ನು ಗಮನಿಸೋಣ. ಕಳಚುರಿ ಬಿಜ್ಜಳನು ಮೂಲತಃ ಕಲ್ಯಾಣದ ಚಾಲುಕ್ಯರ ಮಾಂಡಲಿಕ; ಮಂಗಳವೇಢೆ ಅವನ ನೆಲೆ. ಆರನೆಯ ವಿಕ್ರಮಾದಿತ್ಯನು ೧೧೨೬ರಲ್ಲಿ ತೀರಿಕೊಂಡ ನಂತರ ಚಾಲುಕ್ಯರ ಹಿಡಿತ ಕ್ರಮೇಣ ಸಡಿಲವಾಯಿತು. ಮೂರನೆಯ ತೈಲಪನ ದೌರ್ಬಲ್ಯವನ್ನು ಬಳಸಿಕೊಂಡು ಬಿಜ್ಜಳನು ೧೧೬೨ರ ಹೊತ್ತಿಗೆ ಸಾರ್ವಭೌಮನಾಗಿ ಮೆರೆದನು. ೧೧೬೭ರ ಸುಮಾರಿಗೆ ಅವನ ಆಳ್ವಿಕೆ ಮುಗಿದು ಮಗ ಸೋವಿದೇವನು ಪಟ್ಟಕ್ಕೆ ಬಂದನು. ೧೧೮೪ರ ಸುಮಾರಿಗೆ ಚಾಲುಕ್ಯ ನಾಲ್ಕನೆಯ ಸೋಮೇಶ್ವರನು ಕಲ್ಯಾಣವನ್ನು ಮರಳಿ ಪಡೆದನು. ಆದರೆ ಶತಮಾನ ಮುಗಿಯುವಷ್ಟರಲ್ಲಿಯೇ ಸೇವುಣರೂ ಹೊಯ್ಸಳರೂ ಆ ರಾಜ್ಯವನ್ನು ಹಂಚಿಕೊಂಡಿದ್ದರು. ಯಾವ ಗದ್ದುಗೆಗಾಗಿ ಬಿಜ್ಜಳನು ಒಡೆಯನಿಗೆ ಎರಡು ಬಗೆದನೋ ಆ ಗದ್ದುಗೆಯ ಮೇಲೆ ಅವನು ಸಾರ್ವಭೌಮನಾಗಿ ಕುಳಿತಿದ್ದುದು ಸುಮಾರು ಐದು ವರ್ಷ ಮಾತ್ರ.

ಈ ಐದು ವರ್ಷಗಳ ಒಳಗೇ ನಾವು ಕಲ್ಯಾಣದ ಕ್ರಾಂತಿಯೆಂದು ಕರೆಯುವ ಘಟನೆಗಳು ಪರಾಕಾಷ್ಠೆಯನ್ನು ಮುಟ್ಟಿದವು. ಬಸವಣ್ಣನವರು ಬಿಜ್ಜಳನ ಭಂಡಾರಿಗಳು. ಅವರ ಮಹಾಮನೆ ಶರಣರ ನೆಲೆ. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ನಡೆದ ವಿವಾಹ, ಅದಕ್ಕಾಗಿ ವಿಧಿಸಿದ ಘೋರ ಶಿಕ್ಷೆ, ಬಿಜ್ಜಳನ ಕೊಲೆ, ಶರಣರು ಚದುರಿ ಕೆಲವರು ಉಳವಿಯ ಕಡೆಗೆ ನಡೆದುದು, ಬಸವಣ್ಣನವರು ಕೂಡಲಸಂಗಮದಲ್ಲಿ ಐಕ್ಯರಾದುದು, ಇವು ಪರಂಪರೆಯಲ್ಲಿ ಪ್ರಸಿದ್ಧ. ಇಷ್ಟು ದೊಡ್ಡ ಅಲ್ಲೋಲಕಲ್ಲೋಲದ ಬಗೆಗೆ ಸಮಕಾಲೀನ ಶಾಸನಗಳು ಮೌನವಾಗಿವೆ. ಬಸವಣ್ಣನವರ ಮನೆತನವನ್ನು ಕುರಿತು ಹೇಳುವ ಪ್ರಸಿದ್ಧ ಅರ್ಜುನವಾಡದ ಶಾಸನ ೧೨೬೦ರದು. ಘಟನೆಗೂ ಅದಕ್ಕೂ ಸುಮಾರು ಒಂದು ಶತಮಾನದ ಅಂತರ. ರಾಜ್ಯದ ಭಂಡಾರಿಯ ಗತಿಯೇ ಹೀಗಾದರೆ, ಅವರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ಬದುಕಿದ ದಂಪತಿಗಳ ಸುದ್ದಿಯನ್ನು ಕಲ್ಲು ಹೇಳೀತೆಂದು ನಿರೀಕ್ಷಿಸುವುದು ವ್ಯರ್ಥ. ಕಲ್ಲು ಹೇಳದುದನ್ನು ಓಲೆ ಹೇಳಿತು.

೩

ಮಾರಯ್ಯ ಲಕ್ಕಮ್ಮರು ಇಂದಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ಸೀಮೆಯ ಅಮರೇಶ್ವರದವರು. ‘ಅಮರೇಶ್ವರಲಿಂಗ’ ಮಾರಯ್ಯನ ಅಂಕಿತ. ಆ ಅಂಕಿತದ ಮುಂದೆ ಗಂಡನ ಹೆಸರನ್ನು ಪ್ರೀತಿಯಿಂದ ಸೇರಿಸಿದರೆ ಲಕ್ಕಮ್ಮನದು. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಅದರಿಂದಲೇ ಅವರ ಊಟ, ಅದರಿಂದಲೇ ಅವರ ದಾಸೋಹ.

ಅವರ ಜೀವನದ ಪ್ರಸಂಗವನ್ನು ಕ್ರಮವಾಗಿ ಕಟ್ಟಿಕೊಟ್ಟುದು ಶೂನ್ಯಸಂಪಾದನೆ. ವಿಜಯನಗರದ ಕಾಲದಲ್ಲಿ, ಹದಿನೈದನೆಯ ಶತಮಾನದಲ್ಲಿ, ಶಿವಗಣಪ್ರಸಾದಿ ಮಹದೇವಯ್ಯನಿಂದ ಆರಂಭವಾದ ಈ ಸಂಕಲನವು ಗೂಳೂರು ಸಿದ್ಧವೀರಣ್ಣೊಡೆಯನವರೆಗೆ ನಾಲ್ಕು ಪಾಠಗಳಲ್ಲಿ ಬೆಳೆಯಿತು. ಅಲ್ಲಿಯ ಕಥೆ ಹೀಗಿದೆ: ಮಾರಯ್ಯನು ಪ್ರಭುದೇವರ ಅನುಭಾವದ ಮಾತುಗಳಲ್ಲಿ ಮೈಮರೆತು ಕುಳಿತಿರಲು ಕಾಯಕದ ಹೊತ್ತು ಮೀರುತ್ತದೆ. ಲಕ್ಕಮ್ಮ ಬಂದು, ಕಾಯಕ ನಿಂತುಹೋಯಿತು, ಎದ್ದು ನಡೆಯಿರೆಂದು ಎಚ್ಚರಿಸುತ್ತಾಳೆ. ಅವಸರದಿಂದ ಹೋದ ಮಾರಯ್ಯ ಅಂದು ದಿನದ ಪ್ರಮಾಣಕ್ಕಿಂತ ಹೆಚ್ಚು ಅಕ್ಕಿಯನ್ನು ತರುತ್ತಾನೆ. ಅವಳು ಅದನ್ನು ಸ್ವೀಕರಿಸದೆ, ಎಲ್ಲಿಂದ ತಂದಿರೋ ಅಲ್ಲಿಯೇ ಸುರಿದು ಬರಬೇಕೆಂದು ಹಿಂದಕ್ಕೆ ಕಳಿಸುತ್ತಾಳೆ.

ಇಲ್ಲಿ ಓದುಗರು ಎರಡು ಸಂಗತಿಗಳನ್ನು ಬೇರ್ಪಡಿಸಿ ನೋಡಬೇಕು. ವಚನಗಳು ಲಕ್ಕಮ್ಮನವು, ಅವುಗಳನ್ನು ಪೋಣಿಸಿದ ದಾರ ಸಂಪಾದನಕಾರರದು. ಮುತ್ತಿನ ಬೆಲೆಯನ್ನು ದಾರದಿಂದ ಕಟ್ಟಲಾಗದು. ದಾರವಿಲ್ಲದಿದ್ದರೆ ಮುತ್ತು ನಮ್ಮ ಕೈಗೆ ಬರುತ್ತಿತ್ತೇ ಎಂಬುದೂ ಸಂದೇಹವೇ. ಆ ಓಲೆಗಳಲ್ಲಿದ್ದುದು ಅಚ್ಚಿನ ಬೆಳಕನ್ನು ಕಾಣಲು ಮತ್ತೆ ಸುಮಾರು ಐದು ಶತಮಾನಗಳು ಬೇಕಾದವು. ಫ. ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ದ ಮೊದಲ ಭಾಗ ೧೯೨೩ರಲ್ಲಿ ಪ್ರಕಟವಾಯಿತು, ೧೯೯೩ರಲ್ಲಿ ಕರ್ನಾಟಕ ಸರಕಾರದ ಸಮಗ್ರ ವಚನಸಂಪುಟಗಳು ಹೊರಬಂದಾಗ ಶಿವಶರಣೆಯರಿಗೆಂದೇ ಒಂದು ಸಂಪುಟ ಮೀಸಲಾಯಿತು. ಲಕ್ಕಮ್ಮನವೆಂದು ದೊರೆತಿರುವ ಇಪ್ಪತ್ತೈದರಷ್ಟು ವಚನಗಳನ್ನು ಈಗ ಯಾವ ವಿದ್ಯಾರ್ಥಿಯೂ ಒಂದು ಸಂಜೆಯಲ್ಲಿ ಓದಬಹುದು.

ಮುಂದೆ ಜನಪ್ರಿಯ ಕಥನಗಳಲ್ಲಿ ಪ್ರಸಂಗವು ಪವಾಡದತ್ತ ಹೊರಳುತ್ತದೆ. ಆ ಅಲ್ಪ ಅಕ್ಕಿಯಲ್ಲಿಯೇ ಲಕ್ಕಮ್ಮ ಅಸಂಖ್ಯಾತ ಜಂಗಮರಿಗೆ ದಾಸೋಹ ಮಾಡಿದಳೆಂದು ಹೇಳುತ್ತಾರೆ. ಭಕ್ತರ ಶ್ರದ್ಧೆಗೆ ಇದು ಹಿತವಾಗಿದೆ. ಅದನ್ನು ಅಲ್ಲಗಳೆಯುವುದು ನನ್ನ ಉದ್ದೇಶವಲ್ಲ. ಆದರೂ ಒಂದು ಮಾತನ್ನು ಹೇಳದೆ ಇರಲಾರೆ. ಸಾಮಾನ್ಯಳಾದ ಹೆಣ್ಣುಮಗಳು ಶ್ರೇಷ್ಠಳೆಂದು ಒಪ್ಪಬೇಕಾದರೆ ಅವಳ ಮಡಕೆ ಅಕ್ಷಯವಾಗಲೇಬೇಕೆಂದು ನಾವು ಏಕೆ ಬಯಸುತ್ತೇವೆ? ಹೆಚ್ಚಿನ ಅಕ್ಕಿಯನ್ನು ಬೇಡವೆಂದವಳ ಮನೆಯನ್ನು ಲಕ್ಷ ಜನಕ್ಕೆ ಸಾಲುವಷ್ಟು ಅನ್ನದಿಂದ ತುಂಬಿದರೆ, ಅವಳು ಬೇಡವೆಂದುದನ್ನೇ ನಾವು ಬೇರೊಂದು ಬಾಗಿಲಿನಿಂದ ಒಳಕ್ಕೆ ತಂದಂತಾಗುವುದಿಲ್ಲವೇ? ಪವಾಡವು ಅವಳನ್ನು ಎತ್ತರಕ್ಕೇರಿಸಿತು ನಿಜ. ಏರಿಸುವಾಗ ಅವಳ ಕೈಯಲ್ಲಿದ್ದ ಅಳತೆಯನ್ನು ನೆಲದಲ್ಲೇ ಬಿಟ್ಟಿತು.

೪

ಆಧುನಿಕ ಸಾಹಿತ್ಯಕ್ಕೆ ಬರೋಣ. ಕಲ್ಯಾಣದ ಘಟನೆಗಳು ಕಳೆದ ಶತಮಾನದ ಕನ್ನಡ ಲೇಖಕರನ್ನು ಮತ್ತೆ ಮತ್ತೆ ಸೆಳೆದಿವೆ. ಬಿ. ಪುಟ್ಟಸ್ವಾಮಯ್ಯನವರು ಆರು ಕಾದಂಬರಿಗಳ ಮಾಲೆಯಲ್ಲಿ ಆ ಯುಗವನ್ನು ಹರಡಿ ತೋರಿಸಿದರು. ಅದರಲ್ಲಿಯ ‘ಕ್ರಾಂತಿ ಕಲ್ಯಾಣ’ಕ್ಕೆ ೧೯೬೪ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆಯಿತು. ಪಿ. ಲಂಕೇಶರ ‘ಸಂಕ್ರಾಂತಿ’ ೧೯೭೧ರದು, ಎಚ್. ಎಸ್. ಶಿವಪ್ರಕಾಶರ ‘ಮಹಾಚೈತ್ರ’ ೧೯೮೬ರದು. ಗಿರೀಶ ಕಾರ್ನಾಡರ ‘ತಲೆದಂಡ’ ೧೯೯೦ರದು. ಇವೆಲ್ಲವೂ ತಮ್ಮ ತಮ್ಮ ಕಾಲದ ಪ್ರಶ್ನೆಗಳನ್ನು ಹನ್ನೆರಡನೆಯ ಶತಮಾನದ ಕನ್ನಡಿಯಲ್ಲಿ ನೋಡಿದ ಕೃತಿಗಳು. ಇವುಗಳಿಂದ ನಮ್ಮ ತಿಳಿವಳಿಕೆಗೆ ಆದ ಲಾಭವನ್ನು ಕೃತಜ್ಞತೆಯಿಂದ ನೆನೆಯಬೇಕು.

‘ತಲೆದಂಡ’ದ ಆರಂಭವನ್ನೇ ನೋಡಿರಿ. ತೆರೆ ಏಳುವುದು ಅರಮನೆಯಲ್ಲಿ ಅಲ್ಲ, ಅನುಭವಮಂಟಪದಲ್ಲಿಯೂ ಅಲ್ಲ. ತಂದೆ ಸಾಯುವ ಸ್ಥಿತಿಯಲ್ಲಿ ಮಲಗಿರುವ ಒಂದು ಬ್ರಾಹ್ಮಣ ಗೃಹದಲ್ಲಿ. ಮಗ ಜಗದೇವನು ಭಂಡಾರದ ಗಲಭೆಯಲ್ಲಿ ಹೊರಗಿದ್ದಾನೆ. ಇತಿಹಾಸವು ಮನೆಯೊಳಗೆ ಹೇಗೆ ನುಗ್ಗುತ್ತದೆ, ತಂದೆಯ ಹಾಸಿಗೆಯಿಂದ ಮಗನನ್ನು ಹೇಗೆ ಸೆಳೆದೊಯ್ಯುತ್ತದೆ ಎಂಬುದನ್ನು ಇದಕ್ಕಿಂತ ಪರಿಣಾಮಕಾರಿಯಾಗಿ ತೋರಿಸುವುದು ಕಷ್ಟ. ಮುಂದೆ ಹರಳಯ್ಯ ಮಧುವರಸರ ಮನೆಗಳೂ ಬರುತ್ತವೆ. ಆದರೆ ನಾಟಕವೆಂಬ ಪ್ರಕಾರಕ್ಕೆ ಸಂಘರ್ಷವೇ ಪ್ರಾಣ. ರಂಗದ ಮೇಲೆ ಸಾಮಾನ್ಯನು ಕಾಣಿಸಿಕೊಳ್ಳುವುದು ಇತಿಹಾಸವು ಅವನ ಕೊರಳಿಗೆ ಕೈಹಾಕಿದಾಗ. ಅದಕ್ಕೆ ಹಿಂದಿನ ದಿನ ಅವನು ಏನು ಮಾಡುತ್ತಿದ್ದ, ಯಾವುದನ್ನು ಎಷ್ಟೆಂದು ಅಳೆಯುತ್ತಿದ್ದ, ಯಾವ ವಿಷಯಕ್ಕೆ ಹೆಂಡತಿಯೊಡನೆ ತಗಾದೆ ಮಾಡುತ್ತಿದ್ದ ಎಂಬುದು ನಾಟಕಕ್ಕೆ ಬೇಡವಾದ ಸಾಮಗ್ರಿ. ಏನೂ ನಡೆಯದ ದಿನವನ್ನು ರಂಗದ ಮೇಲೆ ತರುವುದು ಸುಲಭವಲ್ಲ.

ಹೀಗೆ ಶಾಸನವು ಸಾಮಾನ್ಯನನ್ನು ಬಿಟ್ಟಿತು. ಪುರಾಣವು ಅವನನ್ನು ಅಸಾಮಾನ್ಯನನ್ನಾಗಿ ಮಾಡಿತು. ನಾಟಕವು ಅವನನ್ನು ಘಟನೆಯ ಬಾಯಿಗೆ ಕೊಟ್ಟಿತು. ಮೂರರಲ್ಲಿಯೂ ಅಳತೆಗೋಲು ಘಟನೆಯೇ. ನಾನು ಹಾಕಿದ ಪರೀಕ್ಷೆಯ ಪ್ರಶ್ನೆಯಲ್ಲಿ ಇದ್ದುದೂ ಅದೇ ಕೋಲು.

೫

ಈಗ ಲಕ್ಕಮ್ಮನ ಮಾತಿಗೇ ಕಿವಿಗೊಡೋಣ. ಅವಳ ವಚನಗಳಲ್ಲಿ ಬಿಜ್ಜಳನ ಹೆಸರಿಲ್ಲ, ಕಾಳಗದ ವರ್ಣನೆಯಿಲ್ಲ. ಆದರೆ ಅರಸನಿದ್ದಾನೆ. ಮಾರಯ್ಯ ಹೆಚ್ಚು ಅಕ್ಕಿ ತಂದ ಸಂದರ್ಭದ ಪ್ರಸಿದ್ಧ ವಚನದಲ್ಲಿ ಅವಳ ಆಕ್ಷೇಪದ ತಿರುಳು ಇದು: ಆಸೆ ಎಂಬುದು ದೊರೆಗಳಿಗೆ ಸೇರಿದ ಗುಣ, ಶಿವಭಕ್ತರಿಗೆ ಒಪ್ಪುವುದಲ್ಲ, ಕೋಪ ಯಮನ ಆಳುಗಳದು, ಇಷ್ಟೊಂದು ಅಕ್ಕಿಯ ಹಂಬಲ ನಿಮಗೇತಕ್ಕೆ, ಇದನ್ನು ದೇವರು ಮೆಚ್ಚುವವನಲ್ಲ. ನಾವು ಸಾಮಾನ್ಯವಾಗಿ ಈ ವಚನವನ್ನು ಅಪರಿಗ್ರಹದ ಬೋಧೆಯೆಂದು ವ್ಯಾಖ್ಯಾನಿಸಿ ಮುಂದೆ ಸಾಗುತ್ತೇವೆ. ಆದರೆ ಇದನ್ನು ಹೇಳಿದ ಊರು ಯಾವುದು, ಕಾಲ ಯಾವುದು ಎಂಬುದನ್ನು ಜ್ಞಾಪಿಸಿಕೊಂಡರೆ ಮಾತಿನ ತೂಕ ಬೇರೆಯಾಗುತ್ತದೆ. ತನಗೆ ಮೀಸಲಾದ ಮಾಂಡಲಿಕ ಪದವಿಯಲ್ಲಿ ತೃಪ್ತನಾಗದೆ ಒಡೆಯನ ಗದ್ದುಗೆಗೇ ಕೈಚಾಚಿದ ದೊರೆಯೊಬ್ಬನು ಆಳುತ್ತಿದ್ದ ಪಟ್ಟಣದಲ್ಲಿ, ಒಬ್ಬ ಬಡ ಹೆಂಗಸು ತನ್ನ ಗಂಡನಿಗೆ ಹೇಳುತ್ತಾಳೆ: ಪಾಲಿಗಿಂತ ಹೆಚ್ಚನ್ನು ಬಯಸುವುದು ಅರಸರ ಕೆಲಸ, ನಮ್ಮದಲ್ಲ. ಅವಳು ಯಾವ ಅರಸನನ್ನೂ ಉದ್ದೇಶಿಸಿ ಹೇಳಿರಲಾರಳು. ಗುಡಿಸಲಿನ ಮಾತು ಗುಡಿಸಲಿನಲ್ಲಿಯೇ ಉಳಿಯಬೇಕಾದುದು. ಆದರೂ ೧೧೬೨ರ ರಾಜಕಾರಣವನ್ನು ಇಷ್ಟು ಚಿಕ್ಕದಾಗಿ, ಇಷ್ಟು ನಿಖರವಾಗಿ ವಿಮರ್ಶಿಸಿದ ಇನ್ನೊಂದು ವಾಕ್ಯವನ್ನು ನಾನು ಕಂಡಿಲ್ಲ.

ಎರಡನೆಯ ವಚನ ಇನ್ನೂ ದಿಟ್ಟವಾದುದು. ಹೆಚ್ಚಿನ ಅಕ್ಕಿಯನ್ನು ಕಂಡೊಡನೆ ಅವಳು, ಒಮ್ಮನವನ್ನು ಮೀರಿ ಇಮ್ಮನಕ್ಕೆ ಹೋದುದು ನಿಮ್ಮ ಮನಸ್ಸೋ, ಇಲ್ಲವೆ ನಮ್ಮನ್ನು ಶಂಕಿಸಿ ನೋಡುತ್ತಿರುವ ಬಸವಣ್ಣನವರ ಚಿತ್ತವೋ ಎಂದು ಕೇಳುತ್ತಾಳೆ. ಒಮ್ಮನ, ಇಮ್ಮನ ಎಂಬ ಪದಗಳಲ್ಲಿ ಮನಸ್ಸು ಇರುವುದು ಸ್ಪಷ್ಟ. ಅದರ ಜೊತೆಗೇ, ಶಾಸನಗಳಲ್ಲಿ ಎಣ್ಣೆಗೂ ಧಾನ್ಯಕ್ಕೂ ಬಳಸುತ್ತಿದ್ದ ಮಾನವೆಂಬ ಅಳತೆಯ ನೆನಪೂ, ಒಮ್ಮಾನ ಇಮ್ಮಾನಗಳ ದನಿಯೂ ನನ್ನ ಕಿವಿಗೆ ಕೇಳಿಸುತ್ತದೆ. ಧಾನ್ಯ ಅಳತೆಯನ್ನು ಮೀರಿತೆಂದರೆ ಮನಸ್ಸು ಎರಡಾಯಿತು. ಮೊರದಲ್ಲಿ ಕಂಡುದು ಎದೆಯ ಲೆಕ್ಕವೇ. ದಿನದಿನವೂ ಅಕ್ಕಿ ಅಳೆದ ಕೈಗೆ ಮಾತ್ರ ಹೊಳೆಯುವ ಶ್ಲೇಷೆ ಇದು. ಪಂಡಿತರ ಅಲಂಕಾರಶಾಸ್ತ್ರದಿಂದ ಬಂದುದಲ್ಲ.

ಇಲ್ಲಿ ಪ್ರಶ್ನೆಗೆ ಗುರಿಯಾದವರು ಯಾರೆಂಬುದನ್ನು ಮನಗಾಣಬೇಕು. ಬಸವಣ್ಣನವರು ಅವಳಿಗೆ ಪೂಜ್ಯರು. ಅವಳ ಊಟದ ಮೂಲವೂ ಅವರ ಅಂಗಳವೇ. ಹಾಗಿದ್ದೂ, ದಾನದ ರೂಪದಲ್ಲಿ ಪರೀಕ್ಷೆ ಬಂದಿರಬಹುದೆಂಬ ಸಂದೇಹವನ್ನು ಅವಳು ಮುಚ್ಚಿಡುವುದಿಲ್ಲ. ಉಪಕಾರ ಮಾಡುವವರ ಉದಾರತೆಯನ್ನೂ ಪ್ರಶ್ನಿಸಬಲ್ಲವರು ನಿಜವಾಗಿ ಸ್ವತಂತ್ರರು. ಬಸವಣ್ಣನವರ ಹಿರಿಮೆಗೆ ಇದರಿಂದ ಕುಂದಿಲ್ಲ. ತಮ್ಮ ಅಂಗಳದಲ್ಲಿ ಅಕ್ಕಿ ಆಯುವವಳು ತಮ್ಮನ್ನು ಹೀಗೆ ಕೇಳಬಲ್ಲಂತಹ ವಾತಾವರಣವನ್ನು ನಿರ್ಮಿಸಿದುದೇ ಅವರ ದೊಡ್ಡ ಸಾಧನೆ.

ಇನ್ನೊಂದು ಹೆಜ್ಜೆ ಮುಂದೆ ಹೋಗಬಹುದು. ಭಂಡಾರದ ಹಣವನ್ನು ಜಂಗಮರಿಗೆ ಸುರಿಯುತ್ತಿದ್ದಾರೆಂದು ಬಸವಣ್ಣನವರ ಮೇಲೆ ಬಿಜ್ಜಳನಲ್ಲಿ ದೂರು ಹೋದುದು, ಲೆಕ್ಕ ನೋಡಿದಾಗ ಎಲ್ಲವೂ ಸರಿಯಾಗಿದ್ದುದು ಚರಿತೆಗಳಲ್ಲಿ ಪ್ರಸಿದ್ಧವಾದ ಸಂಗತಿ. ತಾವು ಬಿಜ್ಜಳನ ಓಲಗದಲ್ಲಿರುವುದು ದಾಸೋಹಕ್ಕಾಗಿಯೇ ಹೊರತು ಒಡಲಿಗಾಗಿ ಅಲ್ಲವೆಂದು ಬಸವಣ್ಣನವರೂ ವಚನಗಳಲ್ಲಿ ಹೇಳಿಕೊಂಡಿದ್ದಾರೆ. ಅಂದಮೇಲೆ ಆ ಪಟ್ಟಣದಲ್ಲಿ ಎರಡು ಲೆಕ್ಕಗಳು ಏಕಕಾಲಕ್ಕೆ ನಡೆಯುತ್ತಿದ್ದವು: ಅರಮನೆಯಲ್ಲಿ ಭಂಡಾರದ ಲೆಕ್ಕ, ಗುಡಿಸಲಿನಲ್ಲಿ ಅಕ್ಕಿಯ ಲೆಕ್ಕ. ಮೊದಲನೆಯದನ್ನು ಅರಸನು ಸಂಶಯದಿಂದ ತೆಗೆಸಿದ. ಎರಡನೆಯದನ್ನು ಲಕ್ಕಮ್ಮ ಯಾರ ಅಪ್ಪಣೆಯೂ ಇಲ್ಲದೆ ತಾನೇ ತೆಗೆದಳು. ಮಹಾಮನೆಗೆ ಬರುವ ಧಾನ್ಯದ ಒಂದೊಂದು ಕಾಳೂ ಅರಸನ ಶಂಕೆಗೆ ಗುರಿಯಾಗಬಹುದಾಗಿದ್ದ ಊರಿನಲ್ಲಿ, ನಮ್ಮ ಮನೆಗೆ ಅಗತ್ಯಕ್ಕಿಂತ ಒಂದು ಹಿಡಿಯೂ ಹೆಚ್ಚು ಬಾರದಿರಲೆಂದವಳು ಭಂಡಾರಿಯ ಮಾನವನ್ನೂ ಕಾಯ್ದಳೆಂದೇ ನಾನು ಓದುತ್ತೇನೆ.

ಅಕ್ಕಿಯ ಬಗೆಗೂ ಒಂದು ಮಾತು. ಎರೆಭೂಮಿಯ ಜೋಳದ ಸೀಮೆಯಲ್ಲಿ ಬೆಳೆದ ನಮ್ಮ ತಲೆಮಾರಿನವರಿಗೆ ಅಕ್ಕಿಯೆಂಬುದು ಹಬ್ಬಹುಣ್ಣಿಮೆಯ ಧಾನ್ಯವಾಗಿತ್ತು. ರಾಯಚೂರು ಸೀಮೆಯಲ್ಲಿ ಭತ್ತದ ಗದ್ದೆಗಳು ಕಣ್ಣಿಗೆಟುಕುವಷ್ಟು ದೂರ ಹರಡಿದುದು ೧೯೫೩ರಲ್ಲಿ ತುಂಗಭದ್ರೆಯ ಅಣೆಕಟ್ಟಿನ ನೀರು ಹರಿದ ಮೇಲೆ. ನಮ್ಮ ತಾಯಿ ಅಕ್ಕಿ ಅಳೆದು ಹಾಕುವಾಗ ನೆಲಕ್ಕೆ ಬಿದ್ದ ಕಾಳುಗಳನ್ನು ಬೆರಳ ತುದಿಯಿಂದ ಒಂದೊಂದಾಗಿ ಎತ್ತುತ್ತಿದ್ದುದು ನನ್ನ ಕಣ್ಣಿಗೆ ಕಟ್ಟಿದಂತಿದೆ. ಅಂತಹ ಧಾನ್ಯವನ್ನು, ಅದೂ ಮನೆಯ ಹೊಸ್ತಿಲಿಗೆ ಬಂದುದನ್ನು, ಹಿಂದಕ್ಕೆ ಕಳಿಸುವುದು ಬಾಯಿಮಾತಿನ ವೈರಾಗ್ಯವಲ್ಲ.

೬

ಇಲ್ಲಿ ವಿಚಾರವಂತರು ಎತ್ತಬಹುದಾದ ಆಕ್ಷೇಪವೊಂದಿದೆ. ಅದನ್ನು ಮರೆಮಾಚುವುದು ಸರಿಯಲ್ಲ. ಬಡವರಿಗೆ ತೃಪ್ತಿಯನ್ನು ಬೋಧಿಸುವುದು ಉಳ್ಳವರಿಗೆ ಯಾವಾಗಲೂ ಅನುಕೂಲ. ಇರುವಷ್ಟರಲ್ಲಿಯೇ ಸುಖಪಡು ಎಂಬ ಮಾತು ಕೂಲಿ ಕೇಳುವವನ ಬಾಯಿ ಮುಚ್ಚಿಸಲು ಎಷ್ಟು ಸಲ ಬಳಕೆಯಾಗಿಲ್ಲ? ಲಕ್ಕಮ್ಮನನ್ನು ಕೊಂಡಾಡುವ ನಮ್ಮ ಉಪನ್ಯಾಸಗಳೂ ಒಮ್ಮೊಮ್ಮೆ ಆ ದಾರಿ ಹಿಡಿದಿವೆ. ಹೊಟ್ಟೆ ತುಂಬಿದವರು ಸಭೆಯಲ್ಲಿ ಕುಳಿತು, ಹೊಟ್ಟೆ ತುಂಬದವರಿಗೆ ಆಯ್ದಕ್ಕಿಯ ಆದರ್ಶವನ್ನು ಹೇಳುವುದು ಎಂದಿಗೂ ಶೋಭಿಸದು.

ಈ ಆಕ್ಷೇಪಕ್ಕೆ ಉತ್ತರವನ್ನು ಲಕ್ಕಮ್ಮನ ವಚನಗಳಲ್ಲಿಯೇ ಹುಡುಕಬೇಕು. ಮೊದಲನೆಯದಾಗಿ, ಅವಳು ಬಡತನವನ್ನು ಹೊಗಳುವುದಿಲ್ಲ. ಬಡತನದ ಅರ್ಥವನ್ನೇ ಬದಲಿಸುತ್ತಾಳೆ. ಮನಸ್ಸು ಶುದ್ಧವಿಲ್ಲದವನಿಗೆ ಹಣದ ಕೊರತೆ ಬಡತನವಾಗಿ ತೋರುತ್ತದೆ. ನಿರ್ಮಲ ಚಿತ್ತದಿಂದ ದುಡಿಯುವ ಭಕ್ತನಿಗೆ ಸಿರಿ ತಾನೇ ಎದುರಾಗುತ್ತದೆ ಎಂಬುದು ಅವಳ ನಿಲುವು. ತಮ್ಮನ್ನು ಬಡವರೆಂದು ಕರೆಯುವ ಅಧಿಕಾರವನ್ನು ಅವಳು ಯಾರಿಗೂ ಕೊಡುವುದಿಲ್ಲ. ಎರಡನೆಯದಾಗಿ, ಅವಳು ಇಲ್ಲದವರಿಗೆ ಬುದ್ಧಿ ಹೇಳುತ್ತಿಲ್ಲ. ತನ್ನ ಗಂಡನೊಬ್ಬನೊಡನೆ ಮಾತನಾಡುತ್ತಿದ್ದಾಳೆ. ಆಸೆಯನ್ನು ಅವಳು ಆರೋಪಿಸುವುದು ಹಸಿದವರ ಮೇಲೆ ಅಲ್ಲ, ಅರಸರ ಮೇಲೆ. ಮೂರನೆಯದಾಗಿ, ಇಹದಲ್ಲಿ ಸಹಿಸಿದರೆ ಪರದಲ್ಲಿ ಫಲವುಂಟೆಂಬ ಆಮಿಷವನ್ನೂ ಅವಳು ತಳ್ಳಿಹಾಕುತ್ತಾಳೆ. ಮಾಡಿ ನೀಡಿದ ಮಾತ್ರಕ್ಕೆ ಕೈಲಾಸವನ್ನು ಎದುರುನೋಡುವವರನ್ನು, ಅದೇನು ನಿಮಗೆ ಸಲ್ಲಬೇಕಾದ ಕೂಲಿಯೇ ಎಂದು ಕೇಳಿದವಳು ಅವಳು. ದುಡಿಮೆಯ ನಡುವೆ ಬದುಕಿದವಳಾದ್ದರಿಂದ ಕೂಲಿಯೆಂದರೇನೆಂಬುದು ಅವಳಿಗೆ ಗೊತ್ತು. ಸ್ವರ್ಗವನ್ನು ಆ ಲೆಕ್ಕದ ಒಳಗೆ ತರಲು ಅವಳು ಒಪ್ಪುವುದಿಲ್ಲ. ತೃಪ್ತಿಯನ್ನು ಮಾರುವ ವ್ಯಾಪಾರಿಗಳಿಗೆ ಇಂತಹ ವಚನಗಳಿಂದ ಯಾವ ಪ್ರಯೋಜನವೂ ಆಗದು.

ನಾಲ್ಕನೆಯ ಅಂಶ ಅವಳ ಅಧಿಕಾರಕ್ಕೆ ಸಂಬಂಧಿಸಿದುದು. ಸತಿ ಪತಿ ಎಂಬ ಭೇದ ಕೂಟಕ್ಕೆ ಸಂಬಂಧಿಸಿದುದು, ಅರಿವಿಗೆ ಹಾಗೆ ಬೇರೆ ಬೇರೆ ದೇಹಗಳಿಲ್ಲ ಎಂಬರ್ಥದ ಮಾತೂ ಅವಳದೇ. ಕಾಯಕವನ್ನು ಕೈಲಾಸಕ್ಕೆ ಸಮನೆಂದು ಸಾರಿದ ಲೋಕಪ್ರಸಿದ್ಧ ವಚನ ಮಾರಯ್ಯನದು. ಕಾಯಕದಲ್ಲಿ ತೊಡಗಿದವನು ಗುರುವನ್ನೂ ಲಿಂಗವನ್ನೂ ಮರೆತರೂ ತಪ್ಪಿಲ್ಲವೆಂದು ಹೇಳುವ ಆ ವಚನದ ಹಿಂದೆ, ಪ್ರಭುದೇವರ ಸನ್ನಿಧಿಯಿಂದಲೇ ಅವನನ್ನು ಎಬ್ಬಿಸಿ ಕಳಿಸಿದ ಲಕ್ಕಮ್ಮನ ಎಚ್ಚರಿಕೆ ಇದೆಯೆಂದು ಪ್ರಸಂಗವನ್ನು ಓದಿದವರಿಗೆ ತೋರದೆ ಇರದು. ಗಂಡನ ಮಾತು ಗಾದೆಯಾಯಿತು. ಗಾದೆಗೆ ಮೊದಲಿನ ಗದರಿಕೆಯನ್ನು ಜನ ಮರೆತರು.

೭

ಕಲ್ಯಾಣದ ಸಾಮಾನ್ಯರೆಲ್ಲರೂ ಇತಿಹಾಸದೊಡನೆ ಒಂದೇ ಬಗೆಯ ಸಂಬಂಧವನ್ನು ಹೊಂದಿದ್ದರೆಂದು ನಾನು ಹೇಳುವುದಿಲ್ಲ. ಸಮಗಾರ ಹರಳಯ್ಯನನ್ನು ಘಟನೆ ಹಿಡಿದೆಳೆಯಿತು. ಮಗನ ಮದುವೆ ರಾಜ್ಯದ ಪ್ರಶ್ನೆಯಾಗಿ, ಅವನ ದೇಹ ದಂಡನೆಗೆ ಈಡಾಯಿತು. ಮಡಿವಾಳ ಮಾಚಯ್ಯನು ಘಟನೆಯೊಳಗೆ ತಾನಾಗಿ ಪ್ರವೇಶಿಸಿದನು. ಬಟ್ಟೆ ಒಗೆದ ಕೈಯಲ್ಲಿ ಕತ್ತಿ ಹಿಡಿದು, ಉಳವಿಯತ್ತ ನಡೆದ ಶರಣರನ್ನೂ ವಚನದ ಕಟ್ಟುಗಳನ್ನೂ ಕಾಯ್ದನೆಂದು ಪರಂಪರೆ ನೆನೆಯುತ್ತದೆ. ಇಂತಹವರಿಲ್ಲದಿದ್ದರೆ ಲಕ್ಕಮ್ಮನ ವಚನಗಳೂ ನಮ್ಮವರೆಗೆ ಬರುತ್ತಿರಲಿಲ್ಲ. ಆದ್ದರಿಂದ ಗುಡಿಸಲಿನಲ್ಲಿದ್ದವಳನ್ನು ಎತ್ತಿಹಿಡಿಯುವ ಭರದಲ್ಲಿ ಬೀದಿಗಿಳಿದವರನ್ನು ಹೀಗಳೆಯುವುದು ಅನ್ಯಾಯ.

ನನ್ನ ಮಾತು ಇಷ್ಟೇ. ಕಲ್ಯಾಣದಲ್ಲಿ ಏನು ನಡೆಯಿತೆಂಬುದನ್ನು ಹರಳಯ್ಯ ಮಾಚಯ್ಯರ ಬಾಳಿನಿಂದ ತಿಳಿಯಬಹುದು. ಅದು ಏತಕ್ಕಾಗಿ ನಡೆಯಿತೆಂಬುದನ್ನು ತಿಳಿಯಬೇಕಾದರೆ ಲಕ್ಕಮ್ಮನ ಮನೆಗೆ ಹೋಗಬೇಕು. ಹುಟ್ಟಿನಿಂದ ಮೇಲುಕೀಳೆಣಿಸದೆ ದುಡಿಮೆಯಿಂದ ಗೌರವ, ಗಂಡಿನಂತೆ ಹೆಣ್ಣಿಗೂ ಅರಿವಿನ ಹಕ್ಕು, ಕೊಡುವವನ ಮುಂದೆಯೂ ತಲೆ ತಗ್ಗಿಸದ ಸ್ವಾತಂತ್ರ್ಯ, ಬೇಕಾದುದಕ್ಕಿಂತ ಹೆಚ್ಚನ್ನು ಕೂಡಿಡದ ಸಮಾಜ: ಶರಣರು ಸಾರಿದ ಈ ತತ್ತ್ವಗಳೆಲ್ಲ ಒಂದು ಸಂಜೆ ಒಂದು ಮನೆಯ ಹೊಸ್ತಿಲಲ್ಲಿ, ಒಂದು ಹಿಡಿ ಅಕ್ಕಿಯ ವಿಷಯದಲ್ಲಿ ಆಚರಣೆಗೆ ಬಂದವು. ಕ್ರಾಂತಿ ಗೆದ್ದಿದ್ದರೆ ಎಲ್ಲ ಮನೆಗಳೂ ಹೇಗಿರಬೇಕಾಗಿತ್ತೋ ಹಾಗೆ ಆ ಮನೆ ಆಗಲೇ ಇತ್ತು. ರಾಜಧಾನಿಯಲ್ಲಿ ಕ್ರಾಂತಿ ಸೋತಿತೆಂದು ನಮ್ಮ ಪುಸ್ತಕಗಳು ಹೇಳುತ್ತವೆ. ಆ ಮನೆಯಲ್ಲಿ ಅದು ಸೋತುದಕ್ಕೆ ಲಕ್ಕಮ್ಮನ ವಚನಗಳಲ್ಲಿ ಒಂದು ಸಾಕ್ಷ್ಯವೂ ಇಲ್ಲ.

ವಿದ್ಯಾರ್ಥಿಗಳಿಗೆ ನನ್ನ ಬಿನ್ನಹ ಇದು: ಒಬ್ಬ ಸಾಮಾನ್ಯ ಮನುಷ್ಯನ ಬಾಳನ್ನು ಅವನ ಕಾಲದ ಮಹಾಘಟನೆಗಳ ಪಕ್ಕದಲ್ಲಿಟ್ಟು ನೋಡುವಾಗ, ಘಟನೆಯಲ್ಲಿ ಅವನ ಪಾತ್ರವೇನೆಂಬ ಪ್ರಶ್ನೆಯಲ್ಲಿಯೇ ನಿಲ್ಲಬೇಡಿರಿ. ಅವನ ಬಾಳಿನ ಅಳತೆಯಲ್ಲಿ ಆ ಘಟನೆ ಎಷ್ಟು ತೂಗಿತೆಂದೂ ಕೇಳಿರಿ. ಆಗ ೧೧೬೨ರ ಸಾರ್ವಭೌಮನ ಪಟ್ಟಾಭಿಷೇಕ ಒಂದು ತಟ್ಟೆಯಲ್ಲಿ, ಹಿಂದಕ್ಕೆ ಹೋದ ಅಕ್ಕಿ ಇನ್ನೊಂದು ತಟ್ಟೆಯಲ್ಲಿ ಕುಳಿತುಕೊಳ್ಳುತ್ತವೆ. ತಕ್ಕಡಿ ಯಾವ ಕಡೆ ವಾಲಿತೆಂಬುದನ್ನು ಎಂಟು ಶತಮಾನಗಳಿಂದಲೂ ಆ ವಚನಗಳನ್ನು ನೆನಪಿನಲ್ಲಿಟ್ಟುಕೊಂಡು ಬಂದ ಜನ ತೋರಿಸಿಕೊಟ್ಟಿದ್ದಾರೆ. ಬಿಜ್ಜಳನ ಬಿರುದುಗಳನ್ನು ಬಾಯಿಪಾಠ ಹೇಳಬಲ್ಲವರು ಸಂಶೋಧಕರು ಮಾತ್ರ. ಲಕ್ಕಮ್ಮನ ಕಥೆಯನ್ನು ನಮ್ಮ ಹಳ್ಳಿಗಳಲ್ಲಿ ಅಕ್ಷರ ಬಾರದ ಅಜ್ಜಿಯರೂ ಹೇಳುತ್ತಾರೆ.

ಆ ಹುಡುಗಿಯ ಉತ್ತರಪತ್ರಿಕೆ ಈಗ ನನ್ನ ಮುಂದೆ ಬಂದರೆ ಅವಳ ಎರಡು ವಾಕ್ಯಗಳನ್ನು ಹಾಗೆಯೇ ಉಳಿಸುತ್ತೇನೆ. ಲಕ್ಕಮ್ಮ ಏನು ಮಾಡಿದಳೆಂಬ ಪ್ರಶ್ನೆಗೆ ಅವಳ ಎರಡನೆಯ ವಾಕ್ಯವೇ ಉತ್ತರ. ಅದನ್ನು ಬರೆದವಳಿಗೆ ಕಡಿತ ಮಾಡಿದ ಅರ್ಧ ಅಂಕವನ್ನು ಇಂದು ಈ ಲೇಖನದ ಮೂಲಕ ಹಿಂದಿರುಗಿಸುತ್ತಿದ್ದೇನೆ. ನನ್ನದಲ್ಲದುದು ನನ್ನ ಬಳಿ ಉಳಿಯಬಾರದೆಂಬುದನ್ನು ಲಕ್ಕಮ್ಮನಿಂದ ಕಲಿತ ಮೇಲೆ ಇಷ್ಟಾದರೂ ಮಾಡುವುದು ನನ್ನ ಕರ್ತವ್ಯ.